ಅಡ್ಡಗಾಳಿಯಲ್ಲಿ ಗ್ಲೈಡರ್ ಇಳಿಸುವುದು: ಮೂತಿ ತಿರುಗಿಸಬೇಕೇ, ರೆಕ್ಕೆ ತಗ್ಗಿಸಬೇಕೇ?

ಪ್ರಶ್ನೆ: ಒಬ್ಬನೇ ಗ್ಲೈಡರ್ ಹಾರಿಸಲು ಶುರುಮಾಡಿ ಕೆಲವು ತಿಂಗಳಾಯಿತು. ಎದುರುಗಾಳಿ ಇದ್ದಾಗ ಇಳಿಸುವುದು ಕೈಗೆ ಹತ್ತಿದೆ, ಅಡ್ಡಗಾಳಿ ಬಂದರೆ ಮಾತ್ರ ಗೊಂದಲ. ಗಾಳಿಯ ಕಡೆಗೆ ಮೂತಿ ತಿರುಗಿಸಿಕೊಂಡು ಬಂದು ಕೊನೆಯಲ್ಲಿ ನೆಟ್ಟಗೆ ಮಾಡು ಎಂದು ಒಬ್ಬ ತರಬೇತುದಾರರು ಹೇಳುತ್ತಾರೆ. ರೆಕ್ಕೆ ತಗ್ಗಿಸಿಕೊಂಡೇ ಬಾ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಸರಿ? ಇನ್ನೂ ಒಂದು ತೊಂದರೆ ಇದೆ. ಚಕ್ರ ನೆಲ ಮುಟ್ಟುವವರೆಗೆ ಎಲ್ಲ ಚೆನ್ನಾಗಿದ್ದರೂ ಓಟದ ಕೊನೆಗೆ ಗ್ಲೈಡರ್ ತಾನಾಗಿಯೇ ಗಾಳಿಯ ಕಡೆ ತಿರುಗಿಬಿಡುತ್ತದೆ. ತಡೆಯುವುದು ಹೇಗೆ?

ಉತ್ತರ: ಇಬ್ಬರು ತರಬೇತುದಾರರೂ ಸರಿಯಾದದ್ದನ್ನೇ ಹೇಳಿದ್ದಾರೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯದ್ದು. ಅಡ್ಡಗಾಳಿಯಲ್ಲಿ ಗ್ಲೈಡರ್‌ಗೆ ಪೆಟ್ಟಾಗುವ ಸಾಧ್ಯತೆ ಹೆಚ್ಚಿರುವುದು ಎರಡು ಕಡೆ: ಫೈನಲ್‌ಗೆ, ಅಂದರೆ ರನ್‌ವೇಯ ನೇರಕ್ಕೆ ಇಳಿದು ಬರುವ ಕೊನೆಯ ಹಂತಕ್ಕೆ, ತಿರುಗುವಾಗ ಮತ್ತು ಚಕ್ರ ನೆಲ ಮುಟ್ಟಿದ ಮೇಲೆ. ನಡುವಿನ ಭಾಗಕ್ಕೆ ಯಾವ ವಿಧಾನ ಎಂಬ ಚರ್ಚೆಯಲ್ಲಿ ಈ ಎರಡೂ ಮರೆತುಹೋಗುತ್ತವೆ. ಹಾಗಾಗಿ ಇಳಿಯುವ ಮೊದಲು ರನ್‌ವೇಯ ಪಕ್ಕ ಸುತ್ತಿ ಬರುವ ಸರ್ಕ್ಯೂಟ್‌ನಿಂದ ಶುರುಮಾಡಿ ಗ್ಲೈಡರ್ ನಿಲ್ಲುವವರೆಗೂ ನೋಡೋಣ. ಗೊಂದಲವಾಗದಿರಲೆಂದು ಉದ್ದಕ್ಕೂ ಗಾಳಿ ಎಡದಿಂದ ಬೀಸುತ್ತಿದೆ ಎಂದೇ ಇಟ್ಟುಕೊಂಡಿದ್ದೇನೆ. ಗಾಳಿ ಬರುವ ಬದಿಯನ್ನು ಗಾಳಿಬದಿ, ಅದರ ಎದುರಿನದನ್ನು ಮರೆಬದಿ ಎಂದು ಕರೆಯುತ್ತೇನೆ.

ಗಾಳಿ ಎಷ್ಟಿದೆ ಎಂಬ ಲೆಕ್ಕ

ರನ್‌ವೇಗೆ ಗಾಳಿ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಅಡ್ಡಪಾಲು ನಿಂತಿದೆ. 30 ಡಿಗ್ರಿ ಓರೆಯಿದ್ದರೆ ಗಾಳಿಯ ಅರ್ಧದಷ್ಟು ಅಡ್ಡಲಾಗಿ ಬೀಳುತ್ತದೆ. 45 ಡಿಗ್ರಿಗೆ ಸುಮಾರು ಮುಕ್ಕಾಲು ಪಾಲು. 60 ಡಿಗ್ರಿ ದಾಟಿದರೆ ಪೂರ್ತಿ ಗಾಳಿಯೇ ಅಡ್ಡ ಎಂದು ಹಿಡಿಯಿರಿ. ಲೆಕ್ಕಕ್ಕೆ ಸರಾಸರಿ ಗಾಳಿಯನ್ನಲ್ಲ, ರಭಸದ ಬೀಸನ್ನು ತೆಗೆದುಕೊಳ್ಳಿ. ಗಂಟೆಗೆ 15 ಕಿ.ಮೀ. ವೇಗದ ಗಾಳಿ ಆಗಾಗ 28ಕ್ಕೆ ಏರುತ್ತಿದ್ದರೆ ನಿಮಗೆ ಬೇಕಾದ ಸಂಖ್ಯೆ 28. ನೀವು ನೆಲ ಮುಟ್ಟುವ ಕ್ಷಣಕ್ಕೇ ಆ ಬೀಸು ಬರಬಹುದು.

ಈ ಸಂಖ್ಯೆಯನ್ನು ನಿಮ್ಮ ಗ್ಲೈಡರ್‌ನ ಫ್ಲೈಟ್ ಮ್ಯಾನ್ಯುಯಲ್‌ನಲ್ಲಿರುವ ಅಡ್ಡಗಾಳಿಯ ಅಂಕಿಗೆ ಹೋಲಿಸಿ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಅದು ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ ಗಾಳಿ, ಇನ್ನು ಕೆಲವದರಲ್ಲಿ ಮೀರಬಾರದ ಮಿತಿ. ಎರಡರಲ್ಲಿ ಯಾವುದೆಂದು ಓದಿ ತಿಳಿದಿರಬೇಕು. ಹೊಸದಾಗಿ ಒಬ್ಬರೇ ಹಾರುವವರು ಆ ಅಂಕಿಯ ಅರ್ಧಕ್ಕೇ ನಿಲ್ಲುವುದು ಒಳ್ಳೆಯದು. ಎಂಜಿನ್ ಇರುವ ವಿಮಾನದವರು ಇಳಿಯುವುದು ಕೆಟ್ಟರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬಹುದು, ನಮಗೆ ಆ ದಾರಿ ಇಲ್ಲ. ಹಾಗಾಗಿ ಗಾಳಿ ಹೆಚ್ಚಾಯಿತೇ ಎಂಬ ತೀರ್ಮಾನ ಹಾರುವ ಮೊದಲೇ ಆಗಬೇಕು. ಮೇಲಿದ್ದಾಗ ಗಾಳಿ ಬದಲಾದರೆ ಸರ್ಕ್ಯೂಟ್ ಸೇರುವ ಮೊದಲಾದರೂ ಆಗಬೇಕು. ಬೇರೆ ರನ್‌ವೇ, ಅಥವಾ ಮೈದಾನದ ಬೇರೆ ದಿಕ್ಕು ಸಿಗುತ್ತದೆಯೇ ಎಂದು ನೋಡಲು ಆಗ ಮಾತ್ರ ಎತ್ತರವೂ ಸಮಯವೂ ಇರುತ್ತದೆ.

ಅಗಲವಾದ ಮೈದಾನದಲ್ಲಿ ಮರೆಬದಿಯ ಅಂಚಿನಿಂದ ಗಾಳಿಬದಿಯ ಕಡೆಗೆ ಓರೆಯಾಗಿ ಇಳಿಯುವ ಉಪಾಯವನ್ನು ನೀವು ಕೇಳಿರಬಹುದು. ಒಳ್ಳೆಯ ಉಪಾಯವೇ, ಆದರೆ ಅದರ ಫಲ ಎಲ್ಲ ಗಾಳಿಗೂ ಒಂದೇ ಅಲ್ಲ. 25 ಕಿ.ಮೀ. ಗಾಳಿ 45 ಡಿಗ್ರಿ ಓರೆಯಿದೆ ಎನ್ನಿ. ನೀವು 15 ಡಿಗ್ರಿ ಗಾಳಿಯ ಕಡೆ ತಿರುಗಿ ಇಳಿದರೆ ಅಡ್ಡಪಾಲು ಸುಮಾರು 18ರಿಂದ 12.5ಕ್ಕೆ ಇಳಿಯುತ್ತದೆ. ಅದೇ ಗಾಳಿ ಪೂರ್ತಿ 90 ಡಿಗ್ರಿ ಅಡ್ಡ ಇದ್ದರೆ 25 ಇದ್ದದ್ದು 24 ಆಗುತ್ತದೆ, ಅಷ್ಟೇ. ಒಂದಿಷ್ಟು ಎದುರುಗಾಳಿ ಸಿಗುತ್ತದೆ ನಿಜ, 6 ಕಿ.ಮೀ.ಯಷ್ಟು. ಅದಕ್ಕಾಗಿ ಓಡುವ ಜಾಗವನ್ನು ಕಿರಿದು ಮಾಡಿಕೊಳ್ಳಬೇಕೇ ಎಂದು ಯೋಚಿಸಿ ಮುಂದುವರಿಯಿರಿ.

ಸರ್ಕ್ಯೂಟ್ ಮತ್ತು ಕೊನೆಯ ತಿರುವು

ಡೌನ್‌ವಿಂಡ್ ಲೆಗ್‌ನಲ್ಲಿ, ಅಂದರೆ ರನ್‌ವೇಗೆ ಸಮಾನಾಂತರವಾಗಿ ಇಳಿಯುವ ದಿಕ್ಕಿಗೆ ವಿರುದ್ಧ ಹಾರುವಾಗ, ಗಾಳಿ ನಿಮ್ಮನ್ನು ರನ್‌ವೇಯ ಕಡೆಗೆ ತಳ್ಳುತ್ತಿದೆಯೋ, ರನ್‌ವೇಯಿಂದ ದೂರ ಒಯ್ಯುತ್ತಿದೆಯೋ ನೋಡಿ. ರನ್‌ವೇಯ ಕಡೆಗೆ ತಳ್ಳುತ್ತಿದ್ದರೆ, ಅಲ್ಲಿಂದ ರನ್‌ವೇಯ ನೇರದ ಕಡೆಗೆ ಅಡ್ಡ ಹಾರುವ ಬೇಸ್ ಲೆಗ್‌ನಲ್ಲಿ ಅದೇ ಗಾಳಿ ಬೆನ್ನಿಗೆ ಬರುತ್ತದೆ. ದೂರ ಒಯ್ಯುತ್ತಿದ್ದರೆ ಬೇಸ್ ಲೆಗ್ ಎದುರುಗಾಳಿಯದ್ದು. ಆಯ್ಕೆ ನಿಮ್ಮ ಕೈಯಲ್ಲಿದ್ದು, ಅಲ್ಲಿನ ನಿಯಮವೂ ಬಿಡುವುದಾದರೆ, ಎರಡನೆಯದನ್ನೇ ಆರಿಸಿ.

ಕಾರಣ ಅಂಕಿಗಳಲ್ಲಿದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ 25 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ವೇಗ 115. 400 ಮೀಟರ್ ಬೇಸ್ ಲೆಗ್ 12–13 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದೇ ಗಾಳಿ ಎದುರಿದ್ದರೆ ವೇಗ 65, ಬೇಕಾಗುವ ಸಮಯ 22 ಸೆಕೆಂಡು. ಬೆನ್ನುಗಾಳಿಯ ಬೇಸ್‌ನಲ್ಲಿ ಎತ್ತರ ನೋಡಿಕೊಳ್ಳುವಷ್ಟರಲ್ಲಿ ರನ್‌ವೇಯ ನೇರ ದಾಟಿಬಿಟ್ಟಿರುತ್ತೀರಿ. ದಾಟಿದ್ದು ಕಂಡ ಕೂಡಲೇ ಕಾಲು ತಾನಾಗಿ ತಿರುವಿನ ಒಳಬದಿಯ ರಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿಯನ್ನು ಎಳೆದು ತರಲು ನೋಡುತ್ತದೆ. ಕೈ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಕಡಿಮೆ ಎತ್ತರ, ಇಳಿಯುತ್ತಿರುವ ವೇಗ, ರಡರ್‌ನಿಂದ ಜಾರಿಸಿದ ತಿರುವು: ಗ್ಲೈಡರ್ ಹಿಡಿತ ತಪ್ಪಿ ಸುತ್ತುತ್ತಾ ಕೆಳಗಿಳಿಯುವ ಸ್ಪಿನ್‌ಗೆ ಬೀಳಲು ಇನ್ನೇನೂ ಬೇಕಿಲ್ಲ. ಅಲ್ಲಿಂದ ಸುಧಾರಿಸಿಕೊಳ್ಳಲು ಕೆಳಗೆ ಎತ್ತರವೇ ಉಳಿದಿರುವುದಿಲ್ಲ.

ಆದ್ದರಿಂದ ಬೆನ್ನುಗಾಳಿಯ ಬೇಸ್ ಅನಿವಾರ್ಯವಾದರೆ ಡೌನ್‌ವಿಂಡ್ ಲೆಗ್ಗನ್ನು ಸ್ವಲ್ಪ ದೂರಕ್ಕೆ ಇಟ್ಟುಕೊಳ್ಳಿ, ಫೈನಲ್ ತಿರುವನ್ನು ಎಂದಿಗಿಂತ ಬೇಗ ಶುರುಮಾಡಿ. ಆದರೂ ನೇರ ದಾಟಿತು ಎನ್ನಿ. ದಾಟಲಿ ಬಿಡಿ. ಅದೇ ವಾಲಿಕೆಯಲ್ಲಿ, ಅದೇ ವೇಗದಲ್ಲಿ, ಯಾ ಸ್ಟ್ರಿಂಗ್ (ಗ್ಲೈಡರ್ ಬದಿಗೆ ಜಾರುತ್ತಿದೆಯೇ ಎಂದು ತೋರಿಸಲು ಮುಂದಿನ ಗಾಜಿಗೆ ಅಂಟಿಸಿದ ದಾರ) ನೆಟ್ಟಗಿಟ್ಟುಕೊಂಡು ತಿರುವು ಮುಗಿಸಿ, ಆಮೇಲೆ ನಿಧಾನವಾಗಿ ನೇರಕ್ಕೆ ಬನ್ನಿ. ರನ್‌ವೇಗೆ ಸ್ವಲ್ಪ ಓರೆಯಾಗಿ ಬಂದು ಇಳಿದರೂ ನಡೆಯುತ್ತದೆ. ತಿರುವು 100 ಮೀಟರ್ ಎತ್ತರಕ್ಕಿಂತ ಮೇಲೆಯೇ ಮುಗಿಯಬೇಕು. ಎದುರುಗಾಳಿಯ ಬೇಸ್‌ನಲ್ಲಿ ಅಪಾಯ ಬೇರೆ: ಹೆಚ್ಚು ಹೊತ್ತು ಹಿಡಿಯುವುದರಿಂದ ಎತ್ತರ ಕರಗುತ್ತದೆ. ಡೌನ್‌ವಿಂಡ್ ಹತ್ತಿರ ಇರಲಿ, ಏರ್‌ಬ್ರೇಕ್ (ಬೇಗ ಕೆಳಗಿಳಿಸಲು ರೆಕ್ಕೆಯಿಂದ ಮೇಲೇಳುವ ಫಲಕ) ತೆರೆಯಲು ಅವಸರ ಬೇಡ.

ಫೈನಲ್‌ನಲ್ಲಿ ವೇಗದ ಬಗ್ಗೆ ಒಂದು ಮಾತು. ಏರ್‌ಸ್ಪೀಡ್ ಇಂಡಿಕೇಟರ್ ಮೇಲಿನ ಹಳದಿ ತ್ರಿಕೋನ ಫೈನಲ್‌ಗೆ ಬೇಕಾದ ಕನಿಷ್ಠ ವೇಗ. ಎಎಸ್‌ಕೆ 21 ಎಂಬ ಎರಡು ಸೀಟಿನ ತರಬೇತಿ ಗ್ಲೈಡರ್‌ನಲ್ಲಿ ಅದು 90 ಕಿ.ಮೀ. ಇದಕ್ಕೆ ಗಾಳಿಯ ಅರ್ಧ ವೇಗ ಸೇರಿಸಬೇಕೆಂಬ ಸೂತ್ರವನ್ನು ಎಲ್ಲರೂ ಕಲಿತಿರುತ್ತಾರೆ. ಎದುರುಗಾಳಿ ನೆಲದ ಹತ್ತಿರ ತಗ್ಗಿದಾಗ ವೇಗ ಕುಸಿಯುತ್ತದೆ ಎಂಬುದಕ್ಕಾಗಿ ಇರುವ ಸೂತ್ರ ಅದು. ಗಾಳಿ ಪೂರ್ತಿ ಅಡ್ಡ ಇದ್ದರೆ ಕುಸಿಯಬೇಕಾದ ಎದುರುಪಾಲೇ ಕಡಿಮೆ. ಆಗ ಅಡ್ಡಗಾಳಿಯ ಅರ್ಧವನ್ನೂ ಸೇರಿಸಿಕೊಂಡು ಬಂದರೆ ನೆಲದ ಮೇಲೆ ತೇಲುತ್ತಾ ಹೋಗುತ್ತೀರಿ. 90ರ ಬದಲು 100ರಲ್ಲಿ ಬಂದರೆ ಆ ಹೆಚ್ಚುವರಿ ಶಕ್ತಿ ಸುಮಾರು 7 ಮೀಟರ್ ಎತ್ತರಕ್ಕೆ ಸಮ. ಏರ್‌ಬ್ರೇಕ್ ಅರ್ಧ ತೆರೆದಿದ್ದರೂ 50–60 ಮೀಟರ್ ಹೆಚ್ಚು ತೇಲಬೇಕು. ಅಡ್ಡಗಾಳಿಯಲ್ಲಿ ತೇಲುವ ಪ್ರತಿ ಸೆಕೆಂಡೂ ಬದಿಗೆ ಸರಿಯುವ ಅವಕಾಶ. ಹಾಗಾಗಿ ಎದುರುಪಾಲಿನ ಅರ್ಧ, ಜೊತೆಗೆ ಬೀಸುಗಳಿಗಾಗಿ 5ರಿಂದ 10 ಕಿ.ಮೀ., ಇಷ್ಟು ಸಾಕು. ಗಾಳಿಬದಿಯಲ್ಲಿ ಮರಗಳ ಸಾಲೋ ಹ್ಯಾಂಗರೋ ಇದ್ದರೆ ಮಾತ್ರ ಆ 10 ಕಿ.ಮೀ. ನಿಜಕ್ಕೂ ಬೇಕಾಗುತ್ತದೆ. ಅವುಗಳ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಸುಳಿಸುಳಿಯಾಗಿರುವುದು ಸಾಮಾನ್ಯ. 15 ಮೀಟರ್ ಮರಗಳಿದ್ದರೆ 150 ಮೀಟರ್. ಸಾಧ್ಯವಿದ್ದರೆ ಆ ನೆರಳು ದಾಟಿದ ಮೇಲೆ ನೆಲ ಮುಟ್ಟುವಂತೆ ಜಾಗ ಆರಿಸಿ.

ಮೂತಿ ತಿರುಗಿಸಿ ಬರುವುದು

ಕ್ರ್ಯಾಬ್ ಎನ್ನುವ ಈ ವಿಧಾನದ ತತ್ತ್ವ ಹೊಳೆ ದಾಟುವ ದೋಣಿಯದ್ದೇ: ಎದುರಿನ ದಡದ ಅದೇ ಜಾಗಕ್ಕೆ ಸೇರಬೇಕಾದರೆ ಮೂತಿಯನ್ನು ಹರಿವಿನ ಮೇಲ್ಗಡೆಗೆ ಹಿಡಿದಿರಬೇಕು. ಫೈನಲ್‌ಗೆ ತಿರುಗುವಾಗ ಮೂತಿ ರನ್‌ವೇಯ ನೇರಕ್ಕಿಂತ ಎಡಕ್ಕಿರುವಾಗಲೇ ರೆಕ್ಕೆ ಸಮ ಮಾಡಿ, ಕಾಲುಗಳನ್ನು ನಡುವಿಗೆ ತನ್ನಿ. ಯಾ ಸ್ಟ್ರಿಂಗ್ ನೆಟ್ಟಗಿರಬೇಕು. ಹೊಸಬರು ಇಲ್ಲೊಂದು ತಪ್ಪು ಮಾಡುತ್ತಾರೆ: ಎಡ ರಡರ್ ಒತ್ತಿ ಹಿಡಿದು ಮೂತಿಯನ್ನು ಎಡಕ್ಕೆ ನಿಲ್ಲಿಸುತ್ತಾರೆ, ವಾಲದಂತೆ ಸ್ಟಿಕ್ಕನ್ನು ಬಲಕ್ಕೆ ಹಿಡಿಯುತ್ತಾರೆ. ಅದು ಕ್ರ್ಯಾಬ್ ಅಲ್ಲ, ಬದಿಗೆ ಜಾರುವುದು. ದಾರ ಓರೆಯಾಗಿದ್ದರೆ ಅದೇ ಸಾಕ್ಷಿ.

ಮೂತಿ ಎಷ್ಟು ತಿರುಗಬೇಕು? 100 ಕಿ.ಮೀ. ವೇಗಕ್ಕೆ 20 ಕಿ.ಮೀ. ಅಡ್ಡಗಾಳಿಯಾದರೆ ಹನ್ನೊಂದೂವರೆ ಡಿಗ್ರಿ. ನೀವು ಕೋನ ಅಳೆಯಬೇಕಿಲ್ಲ. ಇಳಿಯುವ ಗುರಿಯ ಜಾಗ ಕ್ಯಾನೊಪಿಯ ಗಾಜಿನ ಮೇಲೆ ಎಲ್ಲಿ ಕಾಣುತ್ತದೋ ಅಲ್ಲಿಯೇ ನಿಂತಿರಬೇಕು, ಅಷ್ಟೇ. ಅದು ಎಡಕ್ಕೆ ಸರಿಯುತ್ತಿದ್ದರೆ ಗಾಳಿ ನಿಮ್ಮನ್ನು ಬಲಕ್ಕೆ ಒಯ್ಯುತ್ತಿದೆ. ಕೆಳಗೆ ಬಂದಂತೆ ಗಾಳಿ ತಗ್ಗುತ್ತದೆ, ಹಾಗಾಗಿ 100 ಮೀಟರ್‌ನಲ್ಲಿ ಸರಿಯಿದ್ದ ಕೋನ 10 ಮೀಟರ್‌ನಲ್ಲಿ ಹೆಚ್ಚಾಗಬಹುದು. ಆದರೆ ಫ್ಲೇರ್ ಮಾಡಿದ (ನೆಲದ ಹತ್ತಿರ ಮೂತಿ ಎತ್ತಿ ಇಳಿತ ತಡೆದ) ಮೇಲೆ ಗ್ಲೈಡರ್‌ನ ವೇಗವೂ ಇಳಿಯುತ್ತದೆ. 70 ಕಿ.ಮೀ. ವೇಗಕ್ಕೆ ಅದೇ 20 ಕಿ.ಮೀ. ಗಾಳಿ ಉಳಿದಿದ್ದರೆ ಕೋನ 16 ಡಿಗ್ರಿ ದಾಟುತ್ತದೆ. ಈ ಎರಡೂ ಒಂದನ್ನೊಂದು ಎಷ್ಟು ಸರಿದೂಗಿಸುತ್ತವೆ ಎಂಬುದು ಆ ದಿನದ ಗಾಳಿಗೆ ಬಿಟ್ಟದ್ದು. ಕಣ್ಣಿಗೆ ಕಂಡಂತೆ ತಿದ್ದುತ್ತಾ ಬರಬೇಕು.

ನೆಟ್ಟಗೆ ಮಾಡುವ ಹೊತ್ತು ಯಾವುದು? ಫ್ಲೇರ್ ಮುಗಿದು, ಚಕ್ರ ನೆಲದಿಂದ ಅರ್ಧ ಮೀಟರ್‌ಗಿಂತ ಕೆಳಗಿದ್ದು, ಗ್ಲೈಡರ್ ಇನ್ನು ಕೂರುತ್ತದೆ ಎಂದು ಅನ್ನಿಸುವ ಹೊತ್ತು. ಆಗ ಬಲ ರಡರ್ ಒತ್ತಿ. ಒದೆಯಬೇಡಿ, ಸುಮಾರು ಒಂದು ಸೆಕೆಂಡಿನಲ್ಲಿ ಮೂತಿ ರನ್‌ವೇಯ ನೇರಕ್ಕೆ ಬರುವಷ್ಟು ಹದವಾಗಿ ಒತ್ತಿ. ಉದ್ದ ರೆಕ್ಕೆಯ ಗ್ಲೈಡರ್ ತಿರುಗಲು ಶುರುಮಾಡುವುದೂ ತಡ, ನಿಲ್ಲುವುದೂ ತಡ. ಕಾಲಿನ ಜೊತೆಗೇ ಕೈ ಎಡಕ್ಕೆ ಹೋಗಬೇಕು. ಮೂತಿ ಬಲಕ್ಕೆ ತಿರುಗುವಾಗ ಎಡ ರೆಕ್ಕೆ ಮುಂದಕ್ಕೆ ಬೀಸಿಕೊಂಡು ಹೋಗುತ್ತದೆ, ಅದರ ಮೇಲೆ ಗಾಳಿಯ ಓಟ ಹೆಚ್ಚಾಗಿ ಮೇಲೇಳುತ್ತದೆ. ಸ್ಟಿಕ್ ಎಡಕ್ಕೆ ಹೋಗದಿದ್ದರೆ ಗಾಳಿ ಆ ರೆಕ್ಕೆಯ ಅಡಿಗೆ ಹೊಕ್ಕು ಇನ್ನೂ ಎತ್ತುತ್ತದೆ.

ಮೂತಿ ನೆಟ್ಟಗಾದ ಕ್ಷಣಕ್ಕೇ ಗ್ಲೈಡರ್ ಬದಿಗೆ ಹಾರಿಹೋಗುವುದಿಲ್ಲ, ಈ ವಿಧಾನ ನಡೆಯುವುದೇ ಅದರಿಂದ. ಅಷ್ಟು ಭಾರದ ವಸ್ತು ಬದಿಗೆ ವೇಗ ಪಡೆಯಲು ಹೊತ್ತು ಬೇಕು. ಮೊದಲ ಸೆಕೆಂಡಿನಲ್ಲಿ ಸರಿತ ಗೊತ್ತೇ ಆಗುವುದಿಲ್ಲ, ಮೂರನೆಯದರ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆ ನಡುವೆ ಚಕ್ರ ನೆಲದಲ್ಲಿರಬೇಕು. ಬೇಗ ತಿರುಗಿಸಿದಿರೋ, ಬಲಕ್ಕೆ ಸರಿಯುತ್ತಾ ನೆಲ ಮುಟ್ಟುತ್ತೀರಿ. ಚಕ್ರ ಬದಿಯಿಂದ ಹಿಡಿದುಕೊಂಡಾಗ ಗ್ಲೈಡರ್ ಬಲಕ್ಕೆ ವಾಲುತ್ತದೆ, ಎಡ ರೆಕ್ಕೆ ಏಳುತ್ತದೆ. ತಡವಾದರೆ ಮೂತಿ ಓರೆಯಿದ್ದಂತೆಯೇ ಚಕ್ರ ಮುಟ್ಟುತ್ತದೆ. ಅದರ ಫಲವೇನು ಎಂಬುದು ಚಕ್ರ ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ಅದನ್ನು ಮುಂದೆ ಹೇಳುತ್ತೇನೆ.

ರೆಕ್ಕೆ ತಗ್ಗಿಸಿ ಬರುವುದು

ಇದರಲ್ಲಿ ಮೂತಿ ಮೊದಲಿನಿಂದಲೂ ರನ್‌ವೇಯ ನೇರಕ್ಕೇ ಇರುತ್ತದೆ. ಎಡ ರೆಕ್ಕೆ ತಗ್ಗಿಸಿ ಗ್ಲೈಡರನ್ನು ಗಾಳಿಯೊಳಕ್ಕೆ ಬದಿಯಿಂದ ಜಾರಿಸುತ್ತೀರಿ, ಮೂತಿ ಎಡಕ್ಕೆ ತಿರುಗದಂತೆ ಬಲ ರಡರ್ ಹಿಡಿದಿರುತ್ತೀರಿ. ಗಾಳಿ ಎಷ್ಟು ಒಯ್ಯುತ್ತದೋ ಅಷ್ಟೇ ನೀವು ಅದರ ಕಡೆ ಜಾರಿದರೆ ನೆಲದ ಮೇಲೆ ನೇರ ದಾರಿ. ಕೈಗೂ ಕಾಲಿಗೂ ಬೇರೆಬೇರೆ ಕೆಲಸ: ಸರಿತವನ್ನು ಸ್ಟಿಕ್ ನೋಡಿಕೊಳ್ಳುತ್ತದೆ, ನೇರವನ್ನು ರಡರ್. ಕೊನೆಯ ಗಳಿಗೆಯಲ್ಲಿ ಹೊಸದಾಗಿ ಮಾಡಬೇಕಾದ್ದೇನೂ ಇಲ್ಲ. ಕೆಲವು ತರಬೇತುದಾರರಿಗೆ ಇದು ಇಷ್ಟವಾಗುವುದು ಇದಕ್ಕೇ.

ಅಡ್ಡಿ ಇರುವುದು ರೆಕ್ಕೆಯ ಉದ್ದದಲ್ಲಿ. ರೆಕ್ಕೆ ತುದಿಯಿಂದ ತುದಿಗೆ 15 ಮೀಟರ್ ಇರುವ ಗ್ಲೈಡರ್‌ನಲ್ಲಿ ಪ್ರತಿ ಡಿಗ್ರಿ ವಾಲಿಕೆಗೆ ರೆಕ್ಕೆಯ ತುದಿ 13 ಸೆಂ.ಮೀ. ಕೆಳಗಿಳಿಯುತ್ತದೆ. ಐದು ಡಿಗ್ರಿಗೆ 65 ಸೆಂ.ಮೀ. 20 ಮೀಟರ್‌ನ ಎರಡು ಸೀಟಿನ ಗ್ಲೈಡರ್‌ನಲ್ಲಿ ಅದೇ ಐದು ಡಿಗ್ರಿಗೆ 87 ಸೆಂ.ಮೀ. ನೆಲದ ಮೇಲೆ ಗ್ಲೈಡರನ್ನು ಸಮವಾಗಿ ಹಿಡಿದು ನಿಲ್ಲಿಸಿದಾಗ ತುದಿ ಎಷ್ಟು ಎತ್ತರದಲ್ಲಿದೆ ಎಂದು ಒಮ್ಮೆ ಅಳೆದುನೋಡಿ, ಮೈದಾನದ ಹುಲ್ಲಿನ ಎತ್ತರವನ್ನು ಅದರಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಬಂಡವಾಳ. ನೆಲ ಮುಟ್ಟುವಾಗ ಐದು ಡಿಗ್ರಿಗಿಂತ ಹೆಚ್ಚು ವಾಲಿಸಬೇಡಿ ಎಂಬುದು ನನ್ನ ಸಲಹೆ. ಉದ್ದ ರೆಕ್ಕೆಯವಕ್ಕೆ ಮೂರು.

ಇನ್ನೊಂದು ಮಿತಿ ರಡರ್‌ನದ್ದು. ಬಲ ಪೆಡಲ್ ಕೊನೆಯವರೆಗೆ ಒತ್ತಿದರೂ ಮೂತಿ ನೇರಕ್ಕೆ ನಿಲ್ಲದಿದ್ದರೆ ಅಷ್ಟು ಗಾಳಿಗೆ ಈ ವಿಧಾನ ಸಾಲದು. ಜೊತೆಗೆ ಜಾರುವಾಗ ಗ್ಲೈಡರ್ ಬೇಗ ಕೆಳಗಿಳಿಯುವುದರಿಂದ ಏರ್‌ಬ್ರೇಕ್ ಕಡಿಮೆ ಬೇಕು. ಏರ್‌ಸ್ಪೀಡ್ ಇಂಡಿಕೇಟರ್ ತಪ್ಪು ತೋರಿಸಬಹುದು; ಕೆಲವು ಗ್ಲೈಡರ್‌ಗಳಲ್ಲಿ ಮುಳ್ಳು ಪೂರ್ತಿ ಬಿದ್ದುಹೋಗುವುದೂ ಉಂಟು. ಅದನ್ನು ನೋಡಿ ಮೂತಿ ಕೆಳಗೆ ಮಾಡಬೇಡಿ. ಜಾರಿಸುವ ಮೊದಲು ದಿಗಂತಕ್ಕೆ ಮೂತಿ ಹೇಗಿತ್ತೋ ಹಾಗೇ ಇಡಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ. ಫೈನಲ್ ಉದ್ದಕ್ಕೂ ಕ್ರ್ಯಾಬ್‌ನಲ್ಲಿ ಬನ್ನಿ, ದಾರ ನೆಟ್ಟಗಿರಲಿ, ವೇಗ ನಂಬಿಕಸ್ತವಾಗಿರಲಿ. ಫ್ಲೇರ್ ನಂತರ ರಡರ್‌ನಿಂದ ನೆಟ್ಟಗೆ ಮಾಡುವಾಗ ಗಾಳಿಬದಿಯ ರೆಕ್ಕೆಯನ್ನು ಎರಡು ಮೂರು ಡಿಗ್ರಿ ತಗ್ಗಿಸಿ. ಈ ಬೆರಕೆ ವಿಧಾನದಲ್ಲಿ ನೆಟ್ಟಗೆ ಮಾಡಿದ್ದು ಒಂದೆರಡು ಸೆಕೆಂಡು ಬೇಗವಾದರೂ ತಗ್ಗಿದ ರೆಕ್ಕೆ ಸರಿತವನ್ನು ತಡೆದಿರುತ್ತದೆ, ಚಕ್ರ ಸ್ವಲ್ಪ ಬದಿಗೆ ಮುಟ್ಟಿದರೂ ಆ ರೆಕ್ಕೆ ಮೇಲೇಳದು. ಬರೀ ರೆಕ್ಕೆ ತಗ್ಗಿಸುವುದನ್ನು ಚಿಕ್ಕ ರೆಕ್ಕೆಯ, ಎತ್ತರಕ್ಕೆ ರೆಕ್ಕೆ ಕೂರಿಸಿದ ಹಳೆಯ ತರಬೇತಿ ಗ್ಲೈಡರ್‌ಗಳಿಗೆ ಬಿಡಬಹುದು. ಬರೀ ಕ್ರ್ಯಾಬ್ ಕಾಲಿನ ಹೊತ್ತನ್ನು ತುಂಬಾ ನಿಖರವಾಗಿ ಕೇಳುತ್ತದೆ. ಎರಡನ್ನೂ ಬೇರೆಬೇರೆಯಾಗಿ ಕಲಿತವರಿಗೆ ಮಾತ್ರ ಬೆರಕೆ ಕೈಗೆ ಹತ್ತುತ್ತದೆ. ಹಾಗಾಗಿ ನಿಮ್ಮ ಇಬ್ಬರು ತರಬೇತುದಾರರ ಹತ್ತಿರವೂ ಕಲಿಯಿರಿ.

ಫ್ಲೇರ್‌ನಲ್ಲಿ ಏರ್‌ಬ್ರೇಕ್ ಹಿಡಿದ ಕೈ ಅಲ್ಲಾಡಬಾರದು. ಕಾಲು ಒತ್ತುವಾಗ ಎಡಗೈಯೂ ಬಿಗಿಯಾಗಿ ಬ್ರೇಕನ್ನು ಎಳೆದುಬಿಡುವುದು ಸಾಮಾನ್ಯ, ಆಗ ಗ್ಲೈಡರ್ ಧೊಪ್ಪನೆ ಕೂರುತ್ತದೆ. ಬಹಳ ಗ್ಲೈಡರ್‌ಗಳಲ್ಲಿ ಏರ್‌ಬ್ರೇಕ್ ಲಿವರ್‌ನ ಕೊನೆಯ ಎಳೆತದಲ್ಲೇ ವೀಲ್ ಬ್ರೇಕ್ ಇರುತ್ತದೆ. ಲಿವರ್ ಪೂರ್ತಿ ಎಳೆದು ಇಳಿದರೆ ಚಕ್ರ ಉರುಳದೆ ಬಿಗಿದುಕೊಂಡೇ ನೆಲ ಮುಟ್ಟುತ್ತದೆ.

ನೆಲ ಮುಟ್ಟಿದ ಮೇಲೆ

ನಿಮ್ಮ ಎರಡನೆಯ ಪ್ರಶ್ನೆ ಇಲ್ಲಿಯದು. ಗಾಳಿಯಲ್ಲಿರುವಾಗ ಗ್ಲೈಡರ್ ಗಾಳಿಯ ಜೊತೆಗೇ ಸಾಗುತ್ತದೆ, ಬದಿಗಾಳಿ ಎಂಬುದು ಅದಕ್ಕೆ ಗೊತ್ತಿಲ್ಲ. ಚಕ್ರ ನೆಲ ಹಿಡಿದ ಕೂಡಲೇ ಗಾಳಿ ನಿಜಕ್ಕೂ ಬದಿಯಿಂದ ಬಡಿಯುತ್ತದೆ. ಬಾಲದ ಮೇಲೆ ನೆಟ್ಟಗೆ ನಿಂತ ದೊಡ್ಡ ಫಿನ್ ಚಕ್ರದಿಂದ ಬಹಳ ಹಿಂದಿದೆ. ಗಾಳಿ ಅದನ್ನು ಬಲಕ್ಕೆ ತಳ್ಳಿದರೆ ಚಕ್ರವೇ ತಿರುಗುಗೂಟವಾಗಿ ಮೂತಿ ಎಡಕ್ಕೆ, ಗಾಳಿಯ ಕಡೆಗೆ ತಿರುಗುತ್ತದೆ.

ಓಟದ ಕೊನೆಗೆ ಇದು ಹೆಚ್ಚುವುದೇಕೆ? 70 ಕಿ.ಮೀ.ಯಲ್ಲಿ ಓಡುವಾಗ 20 ಕಿ.ಮೀ. ಅಡ್ಡಗಾಳಿ ಗ್ಲೈಡರ್ ಮೇಲೆ 16 ಡಿಗ್ರಿ ಓರೆಯಿಂದ ಬರುತ್ತದೆ. ವೇಗ 35ಕ್ಕೆ ಇಳಿದಾಗ ಅದೇ ಗಾಳಿ 30 ಡಿಗ್ರಿ ಓರೆಯಿಂದ ಬರುತ್ತದೆ. ಇತ್ತ ವೇಗ ಅರ್ಧವಾದರೆ ಓಟದಿಂದ ರಡರ್‌ಗೆ ಸಿಗುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ತಿರುಗಿಸುವ ಕೋನ ಹೆಚ್ಚು, ತಡೆಯುವ ಬಲ ಕಡಿಮೆ. ಇಷ್ಟೇ ಸಾಲದೆಂಬಂತೆ ಆ ಹೊತ್ತಿಗೆ ಪೈಲಟ್‌ಗೂ ‘ಇಳಿದಾಯಿತು’ ಎಂಬ ನೆಮ್ಮದಿ ಬಂದು ಕಾಲು ಸಡಿಲವಾಗಿರುತ್ತದೆ. ನಿಮ್ಮ ಗ್ಲೈಡರ್ ತಿರುಗುವುದಕ್ಕೆ ಬಹುಶಃ ಈ ಕೊನೆಯದೇ ಮುಖ್ಯ ಕಾರಣ. ವೇಗ ಇಳಿದಂತೆ ಬಲ ಪೆಡಲ್ ಇನ್ನೂ ಇನ್ನೂ ಒಳಗೆ ಹೋಗಬೇಕು. ನಿಲ್ಲುವ ಹೊತ್ತಿಗೆ ಪೂರ್ತಿ ಒತ್ತಿರಬೇಕು.

ಚಕ್ರದ ಜಾಗದ ವಿಷಯಕ್ಕೆ ಬರೋಣ. ಮೂತಿಚಕ್ರ ಇರುವ ಎಎಸ್‌ಕೆ 21ರಂಥವುಗಳಲ್ಲಿ ಮುಖ್ಯ ಚಕ್ರ ಗುರುತ್ವ ಕೇಂದ್ರಕ್ಕಿಂತ ಹಿಂದಿರುತ್ತದೆ. ಇವು ಓರೆಯಾಗಿ ಇಳಿದರೂ ಭಾರವೇ ಮುಂದೆ ಎಳೆದು ನೆಟ್ಟಗೆ ಮಾಡುತ್ತದೆ. ಒಂದು ಸೀಟಿನ ಬಹುಪಾಲು ಗ್ಲೈಡರ್‌ಗಳಲ್ಲಿ ಚಕ್ರ ಗುರುತ್ವ ಕೇಂದ್ರಕ್ಕಿಂತ ಮುಂದಿದ್ದು ಬಾಲ ನೆಲದ ಮೇಲೆ ಕೂರುತ್ತದೆ. ಇವುಗಳಲ್ಲಿ ಒಮ್ಮೆ ಓರೆಯಾದರೆ ಹಿಂದಿನ ಭಾರ ಚಕ್ರವನ್ನು ದಾಟಿ ಮುಂದೆ ಹೋಗಲು ನೋಡುತ್ತದೆ, ಓರೆ ತಾನಾಗಿಯೇ ಬೆಳೆಯುತ್ತದೆ. ಗ್ಲೈಡರ್ ನೆಲದ ಮೇಲೆ ಗಿರ್ರನೆ ತಿರುಗಿಬಿಡುವ ಗ್ರೌಂಡ್ ಲೂಪ್ ಆಗುವುದು ಹೀಗೆ. ಎರಡು ಸೀಟಿನ ತರಬೇತಿ ಗ್ಲೈಡರ್‌ನಲ್ಲಿ ಕ್ಷಮೆ ಸಿಕ್ಕ ತಪ್ಪು ಒಂದು ಸೀಟಿನದ್ದಕ್ಕೆ ಹೋದ ಮೊದಲ ವಾರ ದುಬಾರಿಯಾಗುವುದು ಇದರಿಂದಲೇ.

ಬಾಲ ಕೂರುವ ಗ್ಲೈಡರನ್ನು ಆದಷ್ಟು ನಿಧಾನದ ವೇಗಕ್ಕೆ ತಂದು, ಮುಖ್ಯ ಚಕ್ರ ಮತ್ತು ಬಾಲಚಕ್ರ ಒಟ್ಟಿಗೇ ಮುಟ್ಟುವಂತೆ ಇಳಿಸಿ. 90ರಲ್ಲಿ ಇಳಿದ ಗ್ಲೈಡರ್ ಹೊತ್ತಿರುವ ಶಕ್ತಿ 70ರಲ್ಲಿ ಇಳಿದದ್ದರ ಸುಮಾರು 1.65 ಪಟ್ಟು. ತಿರುಗಿದರೆ ಮುರಿಯುವುದು ಆ ಶಕ್ತಿಯಿಂದ. ಮುಟ್ಟಿದ ಮೇಲೆ ಏರ್‌ಬ್ರೇಕ್ ಪೂರ್ತಿ ತೆರೆದು ರೆಕ್ಕೆಯ ಎತ್ತುವಿಕೆಯನ್ನು ಕೊಲ್ಲಿ. ಸ್ಟಿಕ್ ಪೂರ್ತಿ ಹಿಂದೆ ಇರಲಿ, ಬಾಲಚಕ್ರ ನೆಲವನ್ನು ಒತ್ತಿ ಹಿಡಿಯಲಿ. ಮೂತಿ ಗಾಳಿಗೆ ತಿರುಗದಂತೆ ಹಿಡಿಯುವುದರಲ್ಲಿ ರಡರ್‌ನಷ್ಟೇ ಪಾಲು ಆ ಚಿಕ್ಕ ಚಕ್ರದ್ದು.

ಸ್ಟಿಕ್ ಎಡಕ್ಕೆ, ಗಾಳಿಯ ಕಡೆಗೆ ಇರಲಿ. ಇದರಿಂದ ಎಡ ರೆಕ್ಕೆ ಏಳುವುದಿಲ್ಲ. ಬಲ ರೆಕ್ಕೆಯ ಏಲರಾನ್ (ವಾಲಿಕೆಯನ್ನು ನಿಯಂತ್ರಿಸುವ, ರೆಕ್ಕೆಯ ಹಿಂದಿನ ಅಂಚಿನ ಫಲಕ) ಕೆಳಗಿಳಿದು ಅಲ್ಲಿ ಎಳೆತ ಹೆಚ್ಚುವುದರಿಂದ ಮೂತಿ ಬಲಕ್ಕೆ ಸ್ವಲ್ಪ ಎಳೆಯಲ್ಪಟ್ಟು ನಿಮ್ಮ ರಡರ್‌ಗೆ ಸಹಾಯವೂ ಆಗುತ್ತದೆ. ಆದರೆ ಎಡ ತುದಿ ನೆಲಕ್ಕೆ ತಾಗಬಾರದು. ತುದಿಯಲ್ಲಿ ಹುಲ್ಲಿನಿಂದ ಬರೀ 10 ಕೆ.ಜಿ. ಎಳೆತವಿದ್ದರೂ ಏಳೂವರೆ ಮೀಟರ್ ತೋಳಿನ ಕೊನೆಯಲ್ಲಿ ಅದು ದೊಡ್ಡ ತಿರುಚು ಬಲ, ಅದೂ ಗಾಳಿ ತಿರುಗಿಸುತ್ತಿರುವ ದಿಕ್ಕಿಗೇ. ಹಾಗಾಗಿ ಏಲರಾನ್ ಕೆಲಸ ಮಾಡುವಷ್ಟು ಹೊತ್ತೂ ರೆಕ್ಕೆ ಸಮಕ್ಕೆ ಹತ್ತಿರ, ಎಡ ಒಂದಿಷ್ಟೇ ತಗ್ಗು. ಫ್ಲ್ಯಾಪ್ ಇರುವ ಗ್ಲೈಡರ್ ಆದರೆ ಚಕ್ರ ಮುಟ್ಟಿದ ಮೇಲೆ ಫ್ಲ್ಯಾಪನ್ನು ನೆಗೆಟಿವ್‌ಗೆ (ಮೇಲ್ಮುಖಕ್ಕೆ) ತನ್ನಿ, ಏಲರಾನ್ ಇನ್ನಷ್ಟು ಕಡಿಮೆ ವೇಗದವರೆಗೆ ಕೈಗೆ ಸಿಗುತ್ತದೆ. ಮ್ಯಾನ್ಯುಯಲ್ ಬೇರೆ ಹೇಳಿದ್ದರೆ ಅದರಂತೆ.

ವೀಲ್ ಬ್ರೇಕನ್ನು ಗ್ಲೈಡರ್ ನೆಟ್ಟಗೆ ಓಡುತ್ತಿರುವಾಗಲೇ ಹಾಕಿ. ರಡರ್ ಸೋಲುವ ಆ ನಿಧಾನದ ಓಟ ಆದಷ್ಟು ಚಿಕ್ಕದಾಗಲಿ. ತಿರುಗಲು ಶುರುವಾದ ಮೇಲೆ ಬಿಗಿಯಾಗಿ ಹಿಡಿದರೆ ಬಾಲ ಹಗುರಾಗಿ ತಿರುವು ಹೆಚ್ಚುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲಿ, ನಡಿಗೆಯ ವೇಗದಲ್ಲಿ, ಗ್ಲೈಡರ್ ಸ್ವಲ್ಪ ಗಾಳಿಯ ಕಡೆ ತಿರುಗಿ ನಿಂತರೆ ಅದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಇಳಿಯುವ ಜಾಗ ಆರಿಸುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಗಾಳಿಬದಿಯಲ್ಲಿ ನಿಂತ ಗ್ಲೈಡರ್, ವಾಹನ, ಜನ ಯಾರೂ ಇರಬಾರದು. ರನ್‌ವೇಯ ಮರೆಬದಿಯ ಅರ್ಧದಲ್ಲಿ ಇಳಿದರೆ ಎಡಕ್ಕೆ ಜಾಗ ಉಳಿಯುತ್ತದೆ.

ಹಿಡಿತ ಪೂರ್ತಿ ತಪ್ಪಿ ಗ್ರೌಂಡ್ ಲೂಪ್ ಖಚಿತವಾದರೆ? ಬಲ ರಡರ್ ಬಿಡದೆ ಸ್ಟಿಕ್ಕನ್ನು ಮುಂದಕ್ಕೆ ಒತ್ತಿ. ಹಿಂದೆ ಹೇಳಿದ್ದಕ್ಕೆ ಇದು ಪೂರ್ತಿ ವಿರುದ್ಧ, ಆದರೆ ಈಗ ಗುರಿ ಬೇರೆ. ಬಾಲಚಕ್ರ ನೆಲವನ್ನು ಬದಿಗೆ ಉಜ್ಜುತ್ತಾ ತಿರುಗಿದರೆ ಟೈಲ್ ಬೂಮ್ (ಬಾಲವನ್ನು ಹೊತ್ತ ಉದ್ದ ಕೊಳವೆ) ಮುರಿಯುವುದು ಅಲ್ಲೇ. ಬಾಲ ಹಗುರಾದರೆ ಅದು ಉಳಿಯಬಹುದು.

ಅಭ್ಯಾಸಕ್ಕೆ ಎರಡು ದಾರಿ. 500 ಮೀಟರ್‌ಗಿಂತ ಮೇಲೆ, ಗಾಳಿಗೆ ಅಡ್ಡಲಾಗಿರುವ ನೇರ ರಸ್ತೆಯೊಂದನ್ನು ಆರಿಸಿ, ತರಬೇತುದಾರರ ಜೊತೆ ಅದರ ಮೇಲೆ ಮೊದಲು ಕ್ರ್ಯಾಬ್‌ನಲ್ಲಿ ಹಾರಿ. ಆಮೇಲೆ ಎಡ ರೆಕ್ಕೆ ತಗ್ಗಿಸಿ ಮೂತಿಯನ್ನು ರಸ್ತೆಯ ನೇರಕ್ಕೆ ತನ್ನಿ, ಮತ್ತೆ ಕ್ರ್ಯಾಬ್‌ಗೆ ಹೋಗಿ. ವೇಗ ಐದು ಕಿ.ಮೀ.ಗಿಂತ ಹೆಚ್ಚು ಏರಿಳಿಯದೆ ಇದು ಬಂದರೆ ಕೈಕಾಲು ಹೊಂದಿಕೊಂಡಂತೆ. ಇನ್ನೊಂದು, ಹಾರದೆಯೇ ಮಾಡುವಂಥದ್ದು: 15–20 ಕಿ.ಮೀ. ಗಾಳಿಗೆ ಎದುರಾಗಿ ನಿಲ್ಲಿಸಿದ ಗ್ಲೈಡರ್‌ನಲ್ಲಿ ಕೂತು, ರೆಕ್ಕೆಯ ತುದಿಯಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಬರೀ ಏಲರಾನ್‌ನಿಂದ ರೆಕ್ಕೆಯನ್ನು ಸಮವಾಗಿ ಹಿಡಿಯುವುದು. ಆ ವೇಗದಲ್ಲಿ ಸ್ಟಿಕ್ ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದು ಬೇರೆ ಯಾವ ರೀತಿಯಲ್ಲೂ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ನಿಂತ ಮೇಲೆ ಗಾಳಿಬದಿಯ ರೆಕ್ಕೆ ನೆಲಕ್ಕೆ ಒರಗಿರಲಿ, ಏರ್‌ಬ್ರೇಕ್ ತೆರೆದೇ ಇರಲಿ. ಯಾರಾದರೂ ಬಂದು ಆ ತುದಿಯನ್ನು ಹಿಡಿಯುವವರೆಗೆ ಸೀಟಿನಿಂದ ಏಳಬೇಡಿ. ನಿಮ್ಮ ಭಾರವೂ ಗ್ಲೈಡರನ್ನು ಹಿಡಿದಿಟ್ಟಿರುತ್ತದೆ. ಎಳೆದೊಯ್ಯುವಾಗಲೂ ಗಾಳಿಬದಿಯ ತುದಿ ತಗ್ಗಿಯೇ ಇರಬೇಕು. ಓಟದಲ್ಲಿ 90 ಡಿಗ್ರಿಗಿಂತ ಹೆಚ್ಚು ತಿರುಗಿದ್ದರೆ, ಅಥವಾ ಬಾಲ ಬದಿಗೆ ಉಜ್ಜಿದ ಗುರುತು ನೆಲದ ಮೇಲಿದ್ದರೆ, ಹೊರಗೆ ಏನೂ ಕಾಣದಿದ್ದರೂ ಎಂಜಿನಿಯರ್ ನೋಡುವವರೆಗೆ ಅದನ್ನು ಮತ್ತೆ ಹಾರಿಸಬೇಡಿ. ಫಿನ್ ಬೂಮ್‌ಗೆ ಸೇರುವ ಜಾಗ, ಬೂಮ್‌ನ ಬದಿಗಳಲ್ಲಿ ಪೇಂಟಿನ ಕೂದಲೆಳೆ ಬಿರುಕು, ಬಾಲಚಕ್ರದ ಗೂಡು, ಟೈಲ್‌ಪ್ಲೇನಿನ (ಬಾಲದ ಅಡ್ಡ ರೆಕ್ಕೆಯ) ಜೋಡಣೆ, ರೆಕ್ಕೆಯ ಬುಡದ ಪಿನ್‌ಗಳು, ಮುಖ್ಯ ಚಕ್ರದ ಚೌಕಟ್ಟು: ಇವಿಷ್ಟನ್ನು ಹೆಸರು ಹೇಳಿ ನೋಡಿಸಿ.